ಒಂದು ಮಾರು, ಒಂದು ಮೊಳದ ಹುಟ್ಟು

ಹೂವಾಡಗಿತ್ತಿ ಮಲ್ಲಿಗೆ ದಂಡೆಯನ್ನು ಅಳೆಯುವುದು ಮೊಳದ ಲೆಕ್ಕದಲ್ಲಿ. ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಒಂದು ಮೊಳ. ಎರಡೂ ತೋಳುಗಳನ್ನು ಅಗಲಕ್ಕೆ ಚಾಚಿದರೆ ಒಂದು ಮಾರು. ಅಡಿ, ಗಜ, ಮೀಟರುಗಳೆಲ್ಲ ಬಂದ ಮೇಲೂ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಈ ಅಳತೆ ಅಳಿದಿಲ್ಲ. ಇಲ್ಲಿಂದ ಸಾವಿರಾರು ಮೈಲಿ ದೂರದ ಗ್ರೀನ್‌ಲ್ಯಾಂಡಿನ ಹಿಮದ ದಡದಲ್ಲಿ, ಬೇಟೆಗಾರ ತನ್ನ ಪುಟ್ಟ ದೋಣಿಗೆ ಹುಟ್ಟು ಕೆತ್ತಲು ಕುಳಿತಾಗ ಹಿಡಿಯುತ್ತಿದ್ದುದೂ ಇದೇ ಅಳತೆಯನ್ನು. ತನ್ನ ಒಂದು ಮಾರು, ಅದರ ಮೇಲೆ ತನ್ನದೇ ಒಂದು ಮೊಳ. ಅಷ್ಟು ಉದ್ದವಾದರೆ ಹುಟ್ಟು ಸರಿಯಾಯಿತು.

ಆ ದೋಣಿಯ ಹೆಸರು ಕಯಾಕ್. ಇಂದು ಅದು ಜಗತ್ತಿನಾದ್ಯಂತ ಜಲಕ್ರೀಡೆಯ ಸಾಧನ. ದಾಂಡೇಲಿಯ ಕಾಳಿ ನದಿಯಲ್ಲಿ ಪ್ರವಾಸಿಗರು ಬಣ್ಣಬಣ್ಣದ ಪ್ಲಾಸ್ಟಿಕ್ ಕಯಾಕಿನಲ್ಲಿ ಕುಳಿತು, ಎರಡೂ ತುದಿಗಳಲ್ಲಿ ಅಗಲವಾದ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಹೋಗುವುದನ್ನು ಕಂಡವರು ಅನೇಕರಿರಬಹುದು. ವಿದೇಶದ ಅಂಗಡಿಗಳಲ್ಲಿ ಈ ಹುಟ್ಟಿನಲ್ಲೂ ಎರಡು ಜಾತಿ. ಒಂದು ಸಾಧಾರಣ ಹುಟ್ಟು, ಇನ್ನೊಂದು ಮೀನು ಹಿಡಿಯುವವರಿಗಾಗಿಯೇ ಮಾಡಿದ್ದು. ಎರಡನೆಯದಕ್ಕೆ ಉದ್ದ ಹೆಚ್ಚು. ಅದರ ಅಲಗಿನ ಅಂಚಿನಲ್ಲೊಂದು ಕಚ್ಚು, ಕಾವಿನ ಮೇಲೆ ಅಳತೆಯ ಗೆರೆಗಳು. ಮಾರುವವರು ಇದನ್ನು ಇತ್ತೀಚಿನ ಸುಧಾರಣೆಯೆಂದು ಬಣ್ಣಿಸುವುದುಂಟು. ಆದರೆ ಇತಿಹಾಸ ತಿರುಗಿಸಿ ನೋಡಿದರೆ ಮಾತು ಉಲ್ಟಾ. ಕಯಾಕ್ ಹುಟ್ಟಿದ್ದೇ ಬೇಟೆಗಾಗಿ. ಇವತ್ತು ಸಾಧಾರಣ ಎನಿಸಿಕೊಂಡಿರುವ ಹುಟ್ಟು ಆಮೇಲೆ ಬಂದದ್ದು.

ಇನ್ನೊಂದು ಕೈಯ ಪ್ರಶ್ನೆ

ಹುಟ್ಟು ಎಂದರೆ ಕನ್ನಡದಲ್ಲಿ ಎಲ್ಲಕ್ಕೂ ಒಂದೇ ಮಾತು. ಆದರೆ ದೋಣಿಯ ಅಂಚಿಗೆ ಸಿಕ್ಕಿಸಿ, ಬೆನ್ನು ಮುಂದೆ ಮಾಡಿ ಕುಳಿತು ಎಳೆಯುವ ಹುಟ್ಟು ಬೇರೆ. ಎಲ್ಲಿಗೂ ಕಟ್ಟದೆ ಕೈಯಲ್ಲೇ ಹಿಡಿದು, ಮುಖ ಮುಂದೆ ಮಾಡಿ ಹಾಕುವ ಹುಟ್ಟು ಬೇರೆ. ಕಯಾಕಿನದು ಎರಡನೆಯ ಜಾತಿ. ತುಂಗಭದ್ರೆ, ಕಾವೇರಿಯ ಹರಿಗೋಲಿನದೂ ಅದೇ ಜಾತಿ. ಹರಿಗೋಲಿನವನು ಒಂದೇ ಅಲಗಿನ ಹುಟ್ಟನ್ನು ದೋಣಿಯ ಮುಂದೆ ನೀರಿಗಿಳಿಸಿ, ಅತ್ತಿಂದಿತ್ತ ಹೊರಳಿಸುತ್ತ ಬುಟ್ಟಿಯನ್ನು ತನ್ನೆಡೆಗೆ ಎಳೆದುಕೊಳ್ಳುತ್ತಾನೆ. ಹದಿನಾರನೆಯ ಶತಮಾನದ ಆರಂಭದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಜನ ಹೊಳೆ ದಾಟುತ್ತಿದ್ದ, ಚರ್ಮ ಹೊದಿಸಿದ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಚರ್ಮ ಹೊದಿಸಿದ ದೋಣಿ, ಕೈಯಲ್ಲಿ ಹಿಡಿಯುವ ಹುಟ್ಟು. ಅಷ್ಟರ ಮಟ್ಟಿಗೆ ಹರಿಗೋಲೂ ಕಯಾಕೂ ದೂರದ ನೆಂಟರು.

ದಾಟಿಸುವವನಿಗೂ ಹಿಡಿಯುವವನಿಗೂ ಇರುವ ವ್ಯತ್ಯಾಸ ಮಾತ್ರ ಎಲ್ಲ ನೀರಿನಲ್ಲೂ ಒಂದೇ. ದಾಟಿಸುವವನ ಎರಡೂ ಕೈಗಳಿಗೆ ಹುಟ್ಟೇ ಕೆಲಸ. ಹಿಡಿಯುವವನಿಗೆ ಹುಟ್ಟು ಅರ್ಧ ಕೆಲಸ. ಉಳಿದರ್ಧಕ್ಕೆ ಬಲೆಯೋ ಗಾಳವೋ ಈಟಿಯೋ ಇರುತ್ತದೆ. ಹೀಗಾಗಿಯೇ ಹರಿಗೋಲಿನಲ್ಲಿ ಮೀನು ಹಿಡಿಯುವ ಕುಟುಂಬಗಳಲ್ಲಿ ಗಂಡ ಬಲೆ ಬಿಡುತ್ತಿದ್ದರೆ ಹೆಂಡತಿ ಹುಟ್ಟು ಹಾಕುವ ರೂಢಿ ಕಾಣುತ್ತದೆ. ಒಬ್ಬನೇ ಕೂರಬಲ್ಲ ಕಯಾಕಿನಲ್ಲಿ ಈ ಅನುಕೂಲವಿಲ್ಲ. ಹುಟ್ಟು ಹಿಡಿದವನೇ ಈಟಿಯನ್ನೂ ಎಸೆಯಬೇಕು. ಎಸೆಯುವ ಆ ಗಳಿಗೆಯಲ್ಲಿ ಹುಟ್ಟನ್ನು ಏನು ಮಾಡಬೇಕು? ಮೀನುಗಾರನ ಹುಟ್ಟಿಗೂ ಇತರರ ಹುಟ್ಟಿಗೂ ಇರುವ ವ್ಯತ್ಯಾಸವೆಲ್ಲ ಹೆಚ್ಚುಕಡಿಮೆ ಈ ಒಂದು ಪ್ರಶ್ನೆಯ ಸುತ್ತಲೇ ಬೆಳೆದದ್ದು.

ಮರವಿಲ್ಲದ ನಾಡಿನ ಮರದ ಹುಟ್ಟು

ಶಾಲೆಯ ಪುಸ್ತಕಗಳಲ್ಲಿ 'ಎಸ್ಕಿಮೋ' ಎಂದು ಓದಿದ ಜನರು ತಮ್ಮನ್ನು ಕರೆದುಕೊಳ್ಳುವುದು ಇನ್ಯೂಟ್ ಎಂದು. ಎಸ್ಕಿಮೋ ಎಂಬುದು ಹೊರಗಿನವರಿಟ್ಟ ಹೆಸರು. ಈಗ ಅವರಲ್ಲಿ ಬಹುಮಂದಿಗೆ ಅದು ಹಿಡಿಸುವುದಿಲ್ಲ. ಅವರಲ್ಲಿ ದೋಣಿಗಳು ಎರಡು ಬಗೆ. ಉಮಿಯಾಕ್ ಎಂಬುದು ಹಲವರು ಕೂರುವ, ಮೇಲೆ ತೆರೆದಿರುವ ದೊಡ್ಡ ದೋಣಿ. ಗ್ರೀನ್‌ಲ್ಯಾಂಡಿನಲ್ಲಿ ಅದನ್ನು ನಡೆಸುತ್ತಿದ್ದವರು ಹೆಂಗಸರು. ಮನೆಮಂದಿ, ಸಾಮಾನು ಸರಂಜಾಮು ಎಲ್ಲ ಅದರಲ್ಲೇ ಊರಿಂದೂರಿಗೆ ಹೋಗುತ್ತಿತ್ತು. ಕಯಾಕ್ ಗಂಡಸಿನದು, ಬೇಟೆಯದು. ಗಂಡಸಿನದು ಎಂದರೂ ಅರ್ಧ ದೋಣಿ ಹೆಣ್ಣಿನ ಕೈಯದೇ. ಮರದ ಹಂದರ ಕಟ್ಟುವುದು ಗಂಡಸು. ಅದರ ಮೇಲೆ ಹಸಿ ಸೀಲ್ ಚರ್ಮವನ್ನು ಬಿಗಿದು, ನರದ ದಾರದಿಂದ ಹನಿ ನೀರೂ ಒಳಬಾರದ ಹಾಗೆ ಹೊಲಿಯುವುದು ಹೆಂಗಸು. ಆ ಹೊಲಿಗೆ ಕೆಟ್ಟರೆ ಗಂಡ ಮರಳುವುದಿಲ್ಲ.

ಗ್ರೀನ್‌ಲ್ಯಾಂಡಿನ ಕಯಾಕ್ ಅಳತೆಯಲ್ಲಿ ಸೋಜಿಗ. ಉದ್ದ ಐದು ಮೀಟರಿಗೂ ಹೆಚ್ಚು, ಅಗಲ ಸುಮಾರು ಅರ್ಧ ಮೀಟರು ಮಾತ್ರ. ಬೇಟೆಗಾರ ಕಾಲು ಚಾಚಿ ನೀರಿನ ಮಟ್ಟದಲ್ಲೇ ಕೂರುತ್ತಾನೆ. ಸೊಂಟದ ಸುತ್ತಲಿನ ಕಂಡಿಗೆ ತನ್ನ ಚರ್ಮದ ಅಂಗಿಯ ಅಂಚನ್ನು ಬಿಗಿದು ಕಟ್ಟುತ್ತಾನೆ. ದೋಣಿಯನ್ನು ಅವನು ಹತ್ತುವುದಕ್ಕಿಂತ ತೊಡುತ್ತಾನೆ ಎಂದರೆ ಸರಿಯಾದೀತು. ಮುಂದಿನ ಚರ್ಮದ ಮೇಲೆ ಈಟಿ, ಅದರ ಹಗ್ಗದ ಸುರುಳಿಯನ್ನಿಡುವ ಪುಟ್ಟ ಮಣೆ. ಬೆನ್ನ ಹಿಂದೆ ಗಾಳಿ ತುಂಬಿದ ಸೀಲ್ ಚರ್ಮದ ಚೀಲ. ಈಟಿ ತಗುಲಿದ ಸೀಲ್ ನೀರಿಗೆ ಮುಳುಗಿದರೆ ಹಗ್ಗದ ಜತೆ ಆ ಚೀಲವೂ ಹೋಗುತ್ತದೆ; ಪ್ರಾಣಿಯನ್ನು ದಣಿಸಿ, ಎಲ್ಲಿದೆ ಎಂದು ತೋರಿಸುತ್ತದೆ. ಪ್ರತಿಯೊಂದಕ್ಕೂ ಒಂದು ಪಟ್ಟಿ, ಒಂದು ಜಾಗ. ಕತ್ತಲಲ್ಲೂ ಕೈಗೆ ಸಿಗಬೇಕು.

ಆ ಸೀಮೆಯಲ್ಲಿ ದೊಡ್ಡ ಮರ ಬೆಳೆಯುವುದಿಲ್ಲ. ಹಾಗಾದರೆ ಹುಟ್ಟಿಗೆ ಮರ ಎಲ್ಲಿಂದ? ಸೈಬೀರಿಯದಿಂದ. ಅಲ್ಲಿನ ದೊಡ್ಡ ನದಿಗಳು ಕೊಚ್ಚಿ ತಂದ ದಿಮ್ಮಿಗಳು ಉತ್ತರ ಧ್ರುವ ಸಾಗರದ ಹಿಮದಲ್ಲಿ ಸಿಕ್ಕಿ, ವರ್ಷಗಟ್ಟಲೆ ತೇಲಿ, ಗ್ರೀನ್‌ಲ್ಯಾಂಡಿನ ದಡಕ್ಕೆ ಬಂದು ಬೀಳುತ್ತವೆ. ಧ್ರುವ ಪ್ರದೇಶದ ಹಿಮ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತಿರಬೇಕೆಂದು ನಾರ್ವೆಯ ಅನ್ವೇಷಕ ಫ್ರಿಟ್ಯೋಫ್ ನಾನ್ಸೆನ್ ವಾದಿಸಿದ್ದಕ್ಕೆ ಈ ತೇಲುಮರಗಳೂ ಒಂದು ಆಧಾರವಾಗಿದ್ದವು. ಅದನ್ನು ನಂಬಿಯೇ ಆತ 1893ರಲ್ಲಿ 'ಫ್ರಾಮ್' ಹಡಗನ್ನು ಬೇಕೆಂದೇ ಹಿಮದೊಳಗೆ ಸಿಕ್ಕಿಸಿದ. ಬೇಟೆಗಾರನಿಗೆ ಈ ವಾದಗಳ ಗೊಡವೆ ಇರಲಿಲ್ಲ. ಸಿಕ್ಕ ದಿಮ್ಮಿಯಲ್ಲಿ ನೇರವಾದ ಎಳೆಯಿರುವ ಭಾಗ ಆರಿಸಿ, ಒಂದು ಮಾರು ಒಂದು ಮೊಳ ಅಳೆದು ಕೆತ್ತುತ್ತಿದ್ದ.

ಅಲಗಿನ ಅಗಲಕ್ಕೂ ಅವನ ಮೈಯೇ ಅಳತೆ. ಅಂಗೈಯಲ್ಲಿ ಹಿಡಿದರೆ ಹೆಬ್ಬೆರಳೂ ಉಳಿದ ಬೆರಳುಗಳೂ ಎರಡು ಅಂಚನ್ನು ಮುಟ್ಟಬೇಕು. ಎಂದರೆ ಎಂಟೊಂಬತ್ತು ಸೆಂಟಿಮೀಟರು. ದೂರದಿಂದ ನೋಡಿದರೆ ಉದ್ದನೆಯ ಚಪ್ಪಟೆ ಕೋಲು, ಅಷ್ಟೆ. ತುದಿಗಳಿಗೂ ಅಂಚಿಗೂ ಮೂಳೆ ಅಥವಾ ದಂತದ ತುಂಡು ಕೂರಿಸುತ್ತಿದ್ದರು. ಹಿಮಗಡ್ಡೆ ತಾಗಿ ಮರ ಸೀಳದಿರಲಿ ಎಂದು.

ಇಷ್ಟು ಕಿರಿದಾದ ಅಲಗಿನಿಂದ ದೋಣಿ ಸಾಗುತ್ತದೆಯೇ ಎಂಬ ಅನುಮಾನ ಸಹಜ. ಅಗಲ ಕಡಿಮೆಯಾದರೂ ಅಲಗು ಉದ್ದವಾಗಿರುವುದರಿಂದ ನೀರನ್ನು ತಳ್ಳುವ ಜಾಗ ಬಹಳ ಕಡಿಮೆಯೇನಲ್ಲ. ಅಗಲದ ಅಲಗು ನೀರಿಗೆ ಬಿದ್ದೊಡನೆ ಗಕ್ಕನೆ ಕಚ್ಚುತ್ತದೆ. ಭುಜಕ್ಕೆ ಒಮ್ಮೆಲೇ ಭಾರ. ಕಿರಿದಾದದ್ದು ಮೆಲ್ಲನೆ ಹಿಡಿತಕ್ಕೆ ಬರುತ್ತದೆ. ಬೆಳಗ್ಗೆ ಹೊರಟು ಇಡೀ ದಿನ ಸೀಲ್ ಹುಡುಕಿ, ಸಿಕ್ಕಿದ್ದನ್ನು ಎಳೆದುಕೊಂಡು ಬರಬೇಕಾದವನಿಗೆ ವೇಗಕ್ಕಿಂತ ಭುಜ ಮುಖ್ಯ. ಗಾಳಿಯ ಮಾತೂ ಇದೆ. ಒಂದು ಅಲಗು ನೀರಿನಲ್ಲಿರುವಾಗ ಇನ್ನೊಂದು ಮೇಲೆ ಗಾಳಿಯಲ್ಲಿರುತ್ತದೆ. ಅದು ಅಗಲವಾದಷ್ಟೂ ಬಿರುಗಾಳಿ ಅದನ್ನು ಹಿಡಿದು ನೂಕುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಸದ್ದು. ಸೀಲ್ ತಲೆಯೆತ್ತಿ ಉಸಿರು ತೆಗೆದುಕೊಳ್ಳುವ ಹೊತ್ತಿನಲ್ಲಿ ಚಳಕ್ ಎಂದರೆ ಮುಗಿಯಿತು, ಆ ದಿನ ಮನೆಯಲ್ಲಿ ಊಟವಿಲ್ಲ. ಕಿರಿದಾದ ಅಲಗು ನೀರಿನೊಳಗೆ ಕತ್ತಿಯಂತೆ ಇಳಿಯುತ್ತದೆ.

ಸೀಲ್ ಹತ್ತಿರ ಬಂದಾಗ ಹುಟ್ಟಿನ ಎರಡನೆಯ ಕೆಲಸ ಶುರು. ಬೇಟೆಗಾರ ಅದರ ಒಂದು ತುದಿಯನ್ನು ದೋಣಿಯ ಮೇಲಿನ ಚರ್ಮದ ಪಟ್ಟಿಯೊಳಕ್ಕೆ ತೂರಿಸುತ್ತಾನೆ. ಇನ್ನೊಂದು ತುದಿ ಪಕ್ಕದಲ್ಲಿ ನೀರಿನ ಮೇಲೆ ಚಾಚಿಕೊಳ್ಳುತ್ತದೆ. ಈಗ ಅದು ಹುಟ್ಟಲ್ಲ, ದೋಣಿ ಮಗುಚದ ಹಾಗೆ ಕೊಟ್ಟ ಆಸರೆ. ನಮ್ಮ ಕರಾವಳಿಯ ಕೆಲವು ದೋಣಿಗಳಿಗೆ ಪಕ್ಕದಲ್ಲಿ ತೇಲುವ ಮರ ಕಟ್ಟುತ್ತಾರಲ್ಲ, ಸ್ವಲ್ಪ ಹೊತ್ತಿನ ಮಟ್ಟಿಗೆ ಅದೇ ಏರ್ಪಾಡು. ಹಾಗೆ ಬಿಡುವಾದ ಕೈ ಈಟಿಯತ್ತ ಹೋಗುತ್ತದೆ. ತುದಿಯಲ್ಲಿ ಅಗಲವಾದ ಹಲಗೆ ಇದ್ದಿದ್ದರೆ ಹುಟ್ಟು ಆ ಪಟ್ಟಿಯೊಳಕ್ಕೆ ತೂರುತ್ತಲೇ ಇರಲಿಲ್ಲ.

ಮಗುಚಿದಾಗ

ಮೂರನೆಯ ಕೆಲಸ ಜೀವದ್ದು. ಬೇಟೆಗಾರನಿಗೆ ಸಾಮಾನ್ಯವಾಗಿ ಈಜು ಬರುತ್ತಿರಲಿಲ್ಲ. ಬಂದರೂ ಆ ನೀರಿನಲ್ಲಿ ಅದು ಹೆಚ್ಚು ಹೊತ್ತು ಉಪಯೋಗಕ್ಕೆ ಬಾರದು. ದೋಣಿಗೆ ಅಂಗಿ ಕಟ್ಟಿಕೊಂಡಿರುವವನು ಅಲೆಗೋ ಗಾಯಗೊಂಡ ಪ್ರಾಣಿಯ ಸೆಳೆತಕ್ಕೋ ಸಿಕ್ಕಿ ಮಗುಚಿದರೆ ತಲೆಕೆಳಗಾಗಿ ನೀರಿನಲ್ಲಿ ನೇತಾಡುತ್ತಾನೆ. ಆಗ ಹುಟ್ಟನ್ನು ಒಂದು ತುದಿಯಲ್ಲಿ ಹಿಡಿದು, ಉಳಿದುದನ್ನೆಲ್ಲ ಪಕ್ಕಕ್ಕೆ ಚಾಚಿ, ನೀರನ್ನು ಒತ್ತಿ, ಸೊಂಟ ತಿರುಗಿಸಿ ದೋಣಿಯ ಸಮೇತ ಮೇಲೇಳಬೇಕು. ಅಲಗು ಅಂಗೈಗೆ ಹಿಡಿಯುವಷ್ಟೇ ಅಗಲ ಏಕೆ ಎಂಬುದಕ್ಕೆ ಇನ್ನೊಂದು ಉತ್ತರ ಇಲ್ಲಿದೆ. ಹುಟ್ಟಿನ ಯಾವ ಜಾಗವೂ ಹಿಡಿಕೆಯಾಗಬಲ್ಲದು. ಕೈ ಜಾರಿಸುತ್ತ ಹೋದರೆ ಕೋಲು ಉದ್ದವಾಗುತ್ತದೆ.

ಹುಟ್ಟೇ ಕೈತಪ್ಪಿ ಹೋದರೆ? ಈಟಿ ಎಸೆಯಲು ಬಳಸುವ ಹಲಗೆಯನ್ನೇ ಹಿಡಿದು ಮೇಲೇಳುವುದನ್ನೂ, ಅದೂ ಇಲ್ಲದಿದ್ದರೆ ಬರಿಗೈಯಲ್ಲಿ ಏಳುವುದನ್ನೂ ಕಲಿಯುತ್ತಿದ್ದರು. ಕಲಿಯದವರು, ಕಲಿತೂ ತಪ್ಪಿದವರು ಮರಳಲಿಲ್ಲ. ಹತ್ತೊಂಬತ್ತನೆಯ ಶತಮಾನದ ಗ್ರೀನ್‌ಲ್ಯಾಂಡಿನಲ್ಲಿ ಗಂಡಸರ ಸಾವಿನ ದೊಡ್ಡ ಕಾರಣಗಳಲ್ಲಿ ಕಯಾಕ್ ಅಪಘಾತವೂ ಒಂದು. ಗಂಡ ಹೋದರೆ ಮನೆಗೆ ಅನ್ನ ತರುವವರೂ ಹೋದಂತೆ. ಆದ್ದರಿಂದ ಆ ಚಪ್ಪಟೆ ಕೋಲಿನ ಬಗ್ಗೆ ಅಷ್ಟೊಂದು ಲೆಕ್ಕಾಚಾರ.

ಹಾಗೆಂದು ಉತ್ತರದ ಜನರೆಲ್ಲ ಒಂದೇ ಹುಟ್ಟನ್ನು ನೆಚ್ಚಿದ್ದರು ಎನ್ನುವಂತಿಲ್ಲ. ಅಲಾಸ್ಕಾದ ಪಶ್ಚಿಮ ಕರಾವಳಿಯ ಯೂಪಿಕ್ ಜನ ಹೆಚ್ಚಾಗಿ ಬಳಸುತ್ತಿದ್ದುದು ಒಂದೇ ಅಲಗಿನದು. 1881ರಿಂದ 1883ರವರೆಗೆ ಪಾಯಿಂಟ್ ಬ್ಯಾರೋದಲ್ಲಿದ್ದ ಅಮೆರಿಕದ ಜಾನ್ ಮರ್ಡಾಕ್, ಅಲ್ಲಿನವರು ದಿನನಿತ್ಯಕ್ಕೆ ಒಂಟಿ ಅಲಗಿನ ಹುಟ್ಟು ಹಿಡಿದು, ನೀರಿಗಿಳಿದ ಹಿಮಸಾರಂಗವನ್ನು ಅಟ್ಟಿಸಿಕೊಂಡು ಹೋಗುವಾಗ ಮಾತ್ರ ಜೋಡಿ ಅಲಗಿನದನ್ನು ತೆಗೆಯುತ್ತಿದ್ದರೆಂದು ದಾಖಲಿಸಿದ. ಅಲ್ಯೂಷಿಯನ್ ದ್ವೀಪಗಳ ಉನಂಗನ್ ಜನರದು ಮತ್ತೊಂದು ರೀತಿ. ಅವರ ಜೋಡಿ ಅಲಗು ಎಲೆಯಾಕಾರದ್ದು, ಒಂದು ಮುಖದ ನಡುವೆ ಎದ್ದ ಏಣು. 1741ರಲ್ಲಿ ಬೆರಿಂಗನ ಜತೆ ಹೋಗಿದ್ದ ಪ್ರಕೃತಿ ವಿಜ್ಞಾನಿ ಸ್ಟೆಲ್ಲರ್ ಆ ಕಡೆಯ ದೋಣಿಗಾರರನ್ನು ಕಂಡು, ಹುಟ್ಟಿನ ಅಲಗು ಒಂದು ಕೈಯಗಲ ಎಂದು ಗುರುತಿಸಿದ್ದಾನೆ. ಸಮುದ್ರ ನೀರುನಾಯಿಯ ಬೇಟೆಯಲ್ಲಿ ಇವರನ್ನು ಮೀರಿಸುವವರಿರಲಿಲ್ಲ. ಆ ಕುಶಲತೆಯೇ ಅವರಿಗೆ ಮುಳುವಾಯಿತು. ತುಪ್ಪಳದ ಆಸೆಗೆ ಬಂದ ರಷ್ಯನ್ ವರ್ತಕರು ಅವರನ್ನು ಬಲವಂತದಿಂದ ದೂರದೂರದ ಕರಾವಳಿಗಳಿಗೆ ಬೇಟೆಗೆ ಅಟ್ಟಿದರು. ಅದು ಬೇರೆಯೇ ಒಂದು ದುಃಖದ ಕಥೆ.

ಲಂಡನ್ನಿನ ವಕೀಲನ ದೋಣಿ

ಬೇಟೆಯ ದೋಣಿಯನ್ನು ವಿಹಾರದ ದೋಣಿಯಾಗಿ ಯುರೋಪಿನಲ್ಲಿ ಹೆಸರಾಗಿಸಿದವನು ಜಾನ್ ಮೆಕ್‌ಗ್ರೆಗರ್ ಎಂಬ ಸ್ಕಾಟಿಷ್ ಮೂಲದ ವಕೀಲ. 1865ರಲ್ಲಿ ಲಂಡನ್ನಿನ ದೋಣಿ ಕಾರ್ಖಾನೆಯೊಂದರಲ್ಲಿ ಓಕ್ ಮತ್ತು ಸೀಡರ್ ಮರದಿಂದ 'ರಾಬ್ ರಾಯ್' ಎಂಬ ದೋಣಿ ಕಟ್ಟಿಸಿ, ಯುರೋಪಿನ ನದಿ ಸರೋವರಗಳಲ್ಲಿ ಒಬ್ಬನೇ ಸಾವಿರ ಮೈಲಿ ಸುತ್ತಿದ. ದೋಣಿಯ ಉದ್ದ 15 ಅಡಿ, ಅಗಲ 28 ಅಂಗುಲ. ಹುಟ್ಟು 7 ಅಡಿ, ಎರಡು ಕಡೆಯೂ ಅಲಗು. ಮರುವರ್ಷ ಬಂದ ಅವನ ಪ್ರವಾಸ ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು. 1866ರಲ್ಲೇ ಕೆನೂ ಕ್ಲಬ್ಬೂ ಹುಟ್ಟಿಕೊಂಡಿತು. ಸ್ವಾರಸ್ಯವೆಂದರೆ ಏಳಡಿ ಎಂಬುದು ಗ್ರೀನ್‌ಲ್ಯಾಂಡಿನ ಸಾಧಾರಣ ಎತ್ತರದವನ ಒಂದು ಮಾರು ಒಂದು ಮೊಳಕ್ಕೆ ಹತ್ತಿರವೇ. ಉದ್ದ ಉಳಿಯಿತು, ಉದ್ದೇಶ ಹೋಯಿತು. ಮೆಕ್‌ಗ್ರೆಗರ್ ಯಾವ ಸೀಲನ್ನೂ ಹಿಡಿಯಬೇಕಾಗಿರಲಿಲ್ಲ.

ಅಲ್ಲಿಂದ ಹುಟ್ಟಿನ ರೂಪ ಬದಲಾಗುತ್ತ ಹೋಯಿತು. 1907ರಲ್ಲಿ ಜರ್ಮನಿಯ ಯೋಹಾನ್ ಕ್ಲೆಪ್ಪರ್ ಮಡಚಿ ರೈಲಿನಲ್ಲಿ ಒಯ್ಯಬಹುದಾದ ಕಯಾಕಿನ ಹಕ್ಕು ಕೊಂಡು ತಯಾರಿಕೆ ಆರಂಭಿಸಿದ. ಪಟ್ಟಣದ ಸಾಮಾನ್ಯರೂ ನದಿಗಿಳಿದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕಯಾಕ್ ಪಂದ್ಯಗಳಿಗೆ ಪದಕವೂ ಬಂತು. ಪಂದ್ಯವೆಂದ ಮೇಲೆ ಸೆಕೆಂಡುಗಳ ಲೆಕ್ಕ. ಇಲ್ಲಿ ದಿನವಿಡೀ ಬಾಳಬೇಕಾದ ಭುಜ ಬೇಡ, ಕೆಲವು ನಿಮಿಷ ಸಿಡಿಯುವ ಭುಜ ಸಾಕು. ಅಲಗು ಅಗಲವಾಯಿತು, ಗಿಡ್ಡವಾಯಿತು, ಸೌಟಿನಂತೆ ಬಾಗಿತು. ಅಗಲವಾದ ಅಲಗನ್ನು ಎದುರುಗಾಳಿ ನೂಕತೊಡಗಿದಾಗ ಎರಡು ಅಲಗುಗಳನ್ನು ಒಂದಕ್ಕೊಂದು ಅಡ್ಡವಾಗಿ ತಿರುಚಿ ಕೂರಿಸುವ ಉಪಾಯ ಬಳಕೆಗೆ ಬಂತು. ಮೇಲಿರುವ ಅಲಗು ಗಾಳಿಗೆ ಮುಖ ಕೊಡದೆ ಅಂಚು ಕೊಡುತ್ತದೆ. ಅದಕ್ಕಾಗಿ ಪ್ರತಿ ಎಳೆತಕ್ಕೂ ಮಣಿಕಟ್ಟು ತಿರುಗಿಸಬೇಕು. ಅಗಲ ಮಾಡಿ ತಂದುಕೊಂಡ ತೊಂದರೆಗೆ ತಿರುಚಿ ಪರಿಹಾರ. ಕಿರಿದಾದ ಹುಟ್ಟಿನವರಿಗೆ ಆ ತೊಂದರೆಯೂ ಇರಲಿಲ್ಲ, ಈ ಪರಿಹಾರವೂ ಬೇಕಿರಲಿಲ್ಲ. 1980ರ ದಶಕದಲ್ಲಿ ಸ್ವೀಡನ್ನಿನಲ್ಲಿ ವಿಮಾನದ ರೆಕ್ಕೆಯನ್ನು ಹೋಲುವ ಅಲಗು ರೂಪುಗೊಂಡಿತು. ಈಗ ವೇಗದ ಪಂದ್ಯಗಳಲ್ಲೆಲ್ಲ ಅದರದೇ ರಾಜ್ಯ. ಸುಮ್ಮನೆ ಒಂದು ಕೈಯಲ್ಲಿ ಹಿಡಿದು ಕೂರಲು, ಪಕ್ಕಕ್ಕೆ ಆಸರೆ ಕೊಡಲು ಅದು ಅಷ್ಟಕ್ಕಷ್ಟೆ. ಎರಡೂ ಕೈ ಸದಾ ಹುಟ್ಟಿನ ಮೇಲೇ ಇರುವವನಿಗಾಗಿ ಮಾಡಿದ ಸಾಧನ ಅದು.

ಈ ನಡುವೆ ಮೂಲದತ್ತ ತಿರುಗಿ ನೋಡಿದವರೂ ಇದ್ದರು. 1888ರಲ್ಲಿ ಗ್ರೀನ್‌ಲ್ಯಾಂಡನ್ನು ಅಡ್ಡಹಾಯ್ದ ನಾನ್ಸೆನ್ ಆ ಚಳಿಗಾಲವನ್ನು ಅಲ್ಲಿಯೇ ಕಳೆದು ಕಯಾಕ್ ಕಲಿತ. ಆ ವಿದ್ಯೆ 1896ರ ಜೂನ್‌ನಲ್ಲಿ ಅವನ ಪ್ರಾಣ ಉಳಿಸಿತು. ಧ್ರುವದ ಹಾದಿಯಿಂದ ಮರಳುತ್ತಿದ್ದ ಅವನೂ ಸಂಗಾತಿ ಯೋಹಾನ್ಸೆನ್ನನೂ ಜೋಡಿಸಿ ಕಟ್ಟಿದ್ದ ಎರಡು ಕಯಾಕುಗಳನ್ನು ಹಿಮದಂಚಿಗೆ ಬಿಗಿದು ಮೇಲೆ ಹತ್ತಿದ್ದಾಗ ಹಗ್ಗ ಕಡಿದು ದೋಣಿಗಳು ತೇಲಿಹೋದವು. ಆಹಾರ, ಬಂದೂಕು, ಎಲ್ಲ ಅದರಲ್ಲೇ. ನಾನ್ಸೆನ್ ಹಿಮನೀರಿಗೆ ಹಾರಿ ಈಜಿ ಹಿಡಿದ. ಮೈ ಮರಗಟ್ಟಿ ನಡುಗುತ್ತಿದ್ದವನು ದೋಣಿ ನಡೆಸಿಕೊಂಡು ಬರುವಾಗ ಎದುರಿಗೆ ಎರಡು ಹಕ್ಕಿ ಕಂಡವು. ಹುಟ್ಟು ಬದಿಗಿಟ್ಟು, ಬಂದೂಕೆತ್ತಿ, ಎರಡನ್ನೂ ಹೊಡೆದ. ಹಸಿದವನಿಗೆ ಹುಟ್ಟು ಯಾವಾಗಲೂ ಅರ್ಧ ಕೆಲಸವೇ.

ಮಗುಚಿ ಏಳುವ ವಿದ್ಯೆ ಮಾತ್ರ ಬಹುಕಾಲ ಯುರೋಪಿನವರಿಗೆ ಒಗ್ಗಿರಲಿಲ್ಲ. 1927ರಲ್ಲಿ ಆಸ್ಟ್ರಿಯಾದ ಹಾನ್ಸ್ ಪಾವ್ಲಾಟಾ ಅದನ್ನು ಪುಸ್ತಕ ಓದಿಯೇ ಸಾಧಿಸಿದ. ಅವನು ಮಾಡಿದ್ದೂ ಅದೇ, ಅಲಗಿನ ತುದಿಯನ್ನು ಒಂದು ಕೈಯಲ್ಲಿ ಹಿಡಿದು ಹುಟ್ಟನ್ನು ಉದ್ದವಾಗಿಸಿಕೊಂಡದ್ದು. 1930-31ರಲ್ಲಿ ಪೂರ್ವ ಗ್ರೀನ್‌ಲ್ಯಾಂಡಿಗೆ ಬ್ರಿಟಿಷ್ ತಂಡವೊಂದನ್ನು ಕರೆದೊಯ್ದ ಗಿನೋ ವಾಟ್ಕಿನ್ಸ್ ಅದನ್ನು ಅಲ್ಲಿನ ಬೇಟೆಗಾರರಿಂದಲೇ ಕಲಿತ. ಮತ್ತೆ ಹೋದಾಗ ತಂಡದ ಊಟಕ್ಕಾಗಿ ಒಬ್ಬನೇ ಕಯಾಕಿನಲ್ಲಿ ಸೀಲ್ ಬೇಟೆಗೆ ಹೋಗುವಷ್ಟು ಪಳಗಿದ್ದ. 1932ರ ಆಗಸ್ಟಿನಲ್ಲಿ ಹಾಗೆ ಹೋದವನು ಮರಳಲಿಲ್ಲ. ಖಾಲಿ ಕಯಾಕ್ ಮಾತ್ರ ತೇಲುತ್ತಿತ್ತು. ಆಗ ಅವನಿಗೆ 25 ವರ್ಷ.

ಕಚ್ಚು, ಗೆರೆ, ಹಗ್ಗ

ಬೇಟೆಯಿಂದ ಕ್ರೀಡೆಗೆ ಹೋದ ಕಯಾಕ್ ಮತ್ತೆ ಮೀನಿನ ಕಡೆಗೆ ತಿರುಗಿದ್ದು ಪ್ಲಾಸ್ಟಿಕ್ಕಿನ ಕಾಲದಲ್ಲಿ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಟಿಮ್ ನೀಮಿಯರ್ ಎಂಬಾತ ಒಳಗೆ ತೂರಿಕೊಳ್ಳುವ ಬದಲು ಮೇಲೇ ಕೂರುವ ಕಯಾಕನ್ನು ರೂಪಿಸಿ ಮಾರಲಾರಂಭಿಸಿದ. ಮಗುಚಿದರೆ ನೀರಿಗೆ ಬೀಳಬಹುದು, ಮತ್ತೆ ಹತ್ತಲೂಬಹುದು. ಏಳುವ ವಿದ್ಯೆಯ ಹಂಗಿಲ್ಲ. ಮುಂದೆ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ದೋಣಿಗಳು ಅಗ್ಗವಾದಾಗ ಗಾಳ ಹಾಕುವ ಹವ್ಯಾಸಿಗಳು ಇವನ್ನು ಅಪ್ಪಿಕೊಂಡರು. ಎದ್ದು ನಿಂತು ಗಾಳ ಬೀಸಲೂ ಆಗಬೇಕೆಂದು ದೋಣಿಯನ್ನು ಅಗಲಿಸಿದರು. ಕಾಲು ನೋಯದಿರಲೆಂದು ಎತ್ತರದ ಕುರ್ಚಿ ಕೂರಿಸಿದರು.

ಹುಟ್ಟು ಉದ್ದವಾದದ್ದು ಇಲ್ಲಿಯೇ. ಅರ್ಧ ಮೀಟರು ಅಗಲದ ದೋಣಿಯಲ್ಲಿ ನೀರಿನ ಮಟ್ಟಕ್ಕೆ ಕುಳಿತವನಿಗೆ ನೀರು ಕೈಯಳತೆಯಲ್ಲೇ ಇರುತ್ತದೆ. 75ರಿಂದ 90 ಸೆಂಟಿಮೀಟರು ಅಗಲದ ದೋಣಿಯ ನಡುವೆ ಕುರ್ಚಿಯಲ್ಲಿ ಕುಳಿತವನಿಗೆ ಅದು ದೂರವೂ ಹೌದು, ಕೆಳಗೂ ಹೌದು. ಗಿಡ್ಡ ಹುಟ್ಟು ಹಿಡಿದರೆ ಪ್ರತಿ ಬಾರಿಯೂ ಬಾಗಬೇಕು, ದೋಣಿಯ ಅಂಚಿಗೆ ಗೆಣ್ಣು ತಾಗುತ್ತದೆ, ತೊಡೆಯ ಮೇಲೆ ನೀರು ಸುರಿಯುತ್ತದೆ. ಹಾಗಾಗಿ ಪ್ರವಾಸದ ಸಾಧಾರಣ ಹುಟ್ಟು 210ರಿಂದ 230 ಸೆಂಟಿಮೀಟರು ಇದ್ದರೆ, ಮೀನುಗಾರನದು ಸಾಮಾನ್ಯವಾಗಿ 240ರಿಂದ 260. ಕಾಳಿ ನದಿಯಂಥ ರಭಸದ ನೀರಿನಲ್ಲಿ ಥಟ್ಟನೆ ತಿರುಗಬೇಕಾದವರದು ಎಲ್ಲಕ್ಕಿಂತ ಗಿಡ್ಡ, 190ರಿಂದ 200ರ ಆಸುಪಾಸು. ಹಿಂದೆ ಹುಟ್ಟಿನ ಉದ್ದವನ್ನು ಗೊತ್ತುಮಾಡುತ್ತಿದ್ದುದು ಬೇಟೆಗಾರನ ಮೈ. ಈಗ ಮೊದಲು ನೋಡುವುದು ದೋಣಿಯ ಅಗಲವನ್ನು. ಅಂದಿನ ದೋಣಿಯೂ ಮೈಯಳತೆಗೇ ಕಟ್ಟಿದ್ದಾಗಿತ್ತು, ಆದ್ದರಿಂದ ಎರಡು ಲೆಕ್ಕ ಬೇಕಿರಲಿಲ್ಲ.

ಉಳಿದ ವ್ಯತ್ಯಾಸಗಳೆಲ್ಲ ಇನ್ನೊಂದು ಕೈಗಾಗಿ. ಗಾಳ ದಡದ ಪೊದೆಗೋ ಮುಳುಗಿದ ಕೊಂಬೆಗೋ ಸಿಕ್ಕಿಕೊಂಡರೆ ಎಳೆದು ಬಿಡಿಸಿಕೊಳ್ಳಲು ಅಲಗಿನ ಅಂಚಿನಲ್ಲಿ ಕಚ್ಚು. ಹಿಡಿದ ಮೀನಿನ ಉದ್ದ ನೋಡಲು ಕಾವಿನ ಮೇಲೆ ಗೆರೆ. ಅಮೆರಿಕದಲ್ಲಿ ಇಷ್ಟುದ್ದಕ್ಕಿಂತ ಸಣ್ಣ ಮೀನನ್ನು ಮರಳಿ ನೀರಿಗೇ ಬಿಡಬೇಕೆಂಬ ನಿಯಮ ಅನೇಕ ಕಡೆ ಇರುವುದರಿಂದ ಈ ಗೆರೆ ಬರೀ ಅಲಂಕಾರವಲ್ಲ. ದೊಡ್ಡ ಮೀನು ಎಳೆದಾಗ ಹುಟ್ಟನ್ನು ಹಾಗೇ ಕೈಬಿಡುವುದುಂಟು, ಅದಕ್ಕೊಂದು ಹಗ್ಗ ಕಟ್ಟಿ ದೋಣಿಗೆ ಬಿಗಿದಿರುತ್ತಾರೆ. ಒಂದು ಕೈ ಗಾಳದ ಕೋಲಿನ ಮೇಲಿರುವಾಗ ಇನ್ನೊಂದು ಕೈಯಲ್ಲೇ ಎರಡೆಳೆತ ಹಾಕಿ ದೋಣಿಯ ಮೂತಿ ತಿರುಗಿಸಬೇಕಾಗುತ್ತದೆ. ಅದಕ್ಕೆ ಅಗಲದ ಅಲಗು ಅನುಕೂಲ. ಗ್ರೀನ್‌ಲ್ಯಾಂಡಿನವನು ಕಿರಿದು ಮಾಡಿದ್ದನ್ನು ಈತ ಅಗಲಿಸಿದ ಎಂದು ಇಬ್ಬರೂ ವಿರುದ್ಧ ದಾರಿ ಹಿಡಿದರೆನ್ನಲಾಗದು. ಈತನ ದೋಣಿ ತಾನಾಗಿ ಮಗುಚುವುದಿಲ್ಲ, ಸಂಜೆಗೆ ಊಟವೂ ತಪ್ಪುವುದಿಲ್ಲ. ಅಷ್ಟು ಅಂತರ ಅಲಗಿನಲ್ಲಿ ಕಾಣುತ್ತದೆ.

1997ರಲ್ಲಿ ಅಮೆರಿಕದ ಹೋಬಿ ಕಂಪನಿ, ಪೆಂಗ್ವಿನ್ನಿನ ರೆಕ್ಕೆಯಂತೆ ನೀರಿನೊಳಗೆ ಬಡಿಯುವ ರೆಕ್ಕೆಗಳನ್ನು ಕಾಲಿನಿಂದ ತುಳಿದು ನಡೆಸುವ ಕಯಾಕನ್ನು ಮಾರುಕಟ್ಟೆಗೆ ತಂದಿತು. ಮೀನುಗಾರನ ಎರಡೂ ಕೈ ಒಮ್ಮೆಗೇ ಬಿಡುವಾದವು. ಹಳೆಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ಆದರೂ ಆಳವಿಲ್ಲದ ನೀರಿಗೆ, ಯಂತ್ರ ಕೆಟ್ಟ ಗಳಿಗೆಗೆ ಎಂದು ಅಂಥ ದೋಣಿಯಲ್ಲೂ ಒಂದು ಹುಟ್ಟು ಇದ್ದೇ ಇರುತ್ತದೆ.

ಇತ್ತ ಗ್ರೀನ್‌ಲ್ಯಾಂಡಿನಲ್ಲಿ ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಮೋಟಾರು ದೋಣಿ, ಬಂದೂಕು, ಕಾಡ್ ಮೀನುಗಾರಿಕೆಗಳು ಸೇರಿ ಕಯಾಕನ್ನು ಮೂಲೆಗೆ ತಳ್ಳಿದವು. ಒಂದು ತಲೆಮಾರು ಹುಟ್ಟು ಹಿಡಿಯದೆಯೇ ಬೆಳೆಯಿತು. 1980ರ ದಶಕದಲ್ಲಿ ನೂಕ್ ಪಟ್ಟಣದ ಯುವಕರು ಕಯಾಕ್ ಸಂಘ ಕಟ್ಟಿ, ನೆನಪಿನಲ್ಲಿಟ್ಟುಕೊಂಡಿದ್ದ ಹಿರಿಯರನ್ನು ಹುಡುಕಿ ಹೋಗಿ ಕಲಿತರು. ಈಗ ಅಲ್ಲಿ ನಡೆಯುವ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮಗುಚಿ ಏಳುವ ಬಗೆಗಳೇ ಮೂವತ್ತಕ್ಕೂ ಹೆಚ್ಚು. ಹುಟ್ಟನ್ನು ಕುತ್ತಿಗೆಯ ಹಿಂದೆ ಹಿಡಿದು ಏಳುವುದು, ಈಟಿಯ ಹಲಗೆ ಹಿಡಿದು ಏಳುವುದು, ಬರಿಗೈಯಲ್ಲಿ ಏಳುವುದು, ಕೊನೆಗೆ ಕೈಯಲ್ಲೊಂದು ಭಾರದ ಕಲ್ಲು ಹಿಡಿದುಕೊಂಡು ಏಳುವುದು. ನೋಡುವವರಿಗೆ ಸರ್ಕಸ್ಸಿನಂತೆ ಕಾಣುವ ಈ ಬಗೆಗಳಲ್ಲಿ ಎಷ್ಟೋ ಬಗೆ, ತೋಳಿಗೆ ಈಟಿಯ ಹಗ್ಗ ಸುತ್ತಿಕೊಂಡಾಗ, ಹುಟ್ಟು ಕೈತಪ್ಪಿದಾಗ ಬದುಕಿ ಬರಲು ಯಾರೋ ಕಂಡುಕೊಂಡವು.

ವಾಯವ್ಯ ತುದಿಯ ಕಾನಾಕ್ ಸೀಮೆಯಲ್ಲಿ ಮಾತ್ರ ಕಯಾಕ್ ಇಂದಿಗೂ ಬೇಟೆಯ ದೋಣಿಯೇ. ಉದ್ದ ದಾಡೆಯ ನಾರ್ವಾಲ್ ತಿಮಿಂಗಿಲ ಮೋಟಾರಿನ ಸದ್ದಿಗೆ ದೂರ ಸರಿಯುತ್ತದೆ. ಆದ್ದರಿಂದ ಅಲ್ಲಿನ ಬೇಟೆಗಾರರು ಮೋಟಾರು ದೋಣಿಯಲ್ಲಿ ಕಯಾಕನ್ನು ಹೇರಿಕೊಂಡು ಹೋಗಿ, ದೂರದಲ್ಲೇ ಮೋಟಾರು ನಿಲ್ಲಿಸಿ, ಕಯಾಕನ್ನು ನೀರಿಗಿಳಿಸುತ್ತಾರೆ. ಕೊನೆಯ ದೂರವನ್ನು ಕ್ರಮಿಸುವುದು ಆ ಕಿರಿದಾದ ಹುಟ್ಟಿನಿಂದಲೇ, ಸದ್ದಿಲ್ಲದೆ. ಈಟಿ ಮುಂದಿನ ಪಟ್ಟಿಯಲ್ಲಿ ಕೈಗೆಟುಕುವಂತೆ ಇರುತ್ತದೆ.